ಅಪ್ಪಂಗೆ ಸ್ಟೆಂಟ್ ಹಾಕಿ 18 ದಿನ ಆಯ್ತು, ಮತ್ತೆ ಎದೆ ನೋವು ಅಂತಿದಾರೆ, ಏನು ಮಾಡ್ಲಿ?

ತಿಪಟೂರು ಮಗಳು
ರಾತ್ರಿ 9:40

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಎರಡು ರಾತ್ರಿಯಿಂದ ನಿದ್ದೆ ಇಲ್ಲ, ತಲೆ ಓಡ್ತಿಲ್ಲ.

ಅಪ್ಪಂಗೆ 58 ವರ್ಷ. ತಿಪಟೂರು ಹತ್ರ ನಮ್ದು ತೆಂಗಿನ ತೋಟ. ಶುಗರ್ 9 ವರ್ಷದಿಂದ ಇದೆ, ದಿನಕ್ಕೆ ಒಂದು ಕಟ್ಟು ಬೀಡಿ ಸೇದ್ತಿದ್ರು. 19 ದಿನದ ಹಿಂದೆ ಬೆಳಗ್ಗೆ ಐದೂವರೆಗೆ ಮೋಟ್ರು ಹಾಕೋಕೆ ಹೋದವ್ರು ಹಾಗೇ ವಾಪಸ್ ಬಂದು ಜಗಲಿ ಮೇಲೆ ಕೂತ್ಬಿಟ್ರು. ಎದೆ ಮೇಲೆ ಕಾಯಿ ಮೂಟೆ ಇಟ್ಟಂಗಾಗ್ತಿದೆ ಕಣಮ್ಮ ಅಂದ್ರು, ಬನಿಯನ್ ಪೂರ್ತಿ ಒದ್ದೆ. ಅಮ್ಮ ಗ್ಯಾಸು ಅಂತ ಓಂಕಾಳು ನೀರು ಕೊಟ್ರು, ಪಕ್ಕದ ಮನೆಯವ್ರು ಸೋಡಾ ತಂದ್ಕೊಟ್ರು, ಹೀಗೇ ಎರಡು ಗಂಟೆ ಹೋಯ್ತು. ತಾಲ್ಲೂಕು ಆಸ್ಪತ್ರೆಲಿ ಇಸಿಜಿ ತೆಗೆದು ಹತ್ತೇ ನಿಮಿಷಕ್ಕೆ ಡಾಕ್ಟ್ರು ನನ್ನ ಕರೆದು, ಹಾರ್ಟಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸೋ ಇಂಜೆಕ್ಷನ್ ಈಗ್ಲೇ ಕೊಡ್ಬೇಕು, ಸೈನ್ ಹಾಕಿ ಅಂದ್ರು. ಆಮೇಲೆ ಆಂಬುಲೆನ್ಸಲ್ಲಿ ಬೆಂಗಳೂರು. ಮಾರನೇ ದಿನ ಬೆಳಗ್ಗೆ ಮಣಿಕಟ್ಟಿಂದ ಆಂಜಿಯೋಗ್ರಾಂ ಮಾಡಿ ಎಲ್‌ಎಡಿ ಅನ್ನೋ ನಾಳದಲ್ಲಿ 90% ಬ್ಲಾಕ್ ಇದೆ ಅಂತ ಒಂದು ಸ್ಟೆಂಟ್ ಹಾಕಿದ್ರು. ಬಲಗಡೆ ನಾಳದಲ್ಲಿ 50% ಇದೆ, ಅದಕ್ಕೆ ಮಾತ್ರೆ ಸಾಕು ಅಂದ್ರು. ಎಕೋ ಅಂತ ಹಾರ್ಟಿನ ಸ್ಕ್ಯಾನಲ್ಲಿ ಇಎಫ್ (ಹಾರ್ಟು ರಕ್ತ ತಳ್ಳೋ ಶಕ್ತಿ) 45 ಅಂತ ಬರ್ದಿದೆ. ಎಲ್ಲಾ ಬಿಪಿಎಲ್ ಕಾರ್ಡ್ ಮೇಲೆ ಸ್ಕೀಮಲ್ಲೇ ಆಯ್ತು.

ಮನೆಗೆ ಬಂದು ಸುಮಾರು ಹತ್ತು ದಿನ ಚೆನ್ನಾಗೇ ಇದ್ರು. ಈಗ ನಾಲ್ಕು ದಿನದಿಂದ ಎದೆಯ ಎಡಗಡೆ ಚುಚ್ಚಿದಂಗೆ ನೋವು. ಮಲಗಿದ್ರೆ ಜಾಸ್ತಿ, ಉಸಿರು ಜೋರಾಗಿ ಎಳ್ಕೊಂಡ್ರೆ ಜಾಸ್ತಿ. ರಾತ್ರಿಯೆಲ್ಲಾ ದಿಂಬು ತಬ್ಕೊಂಡು ಮುಂದಕ್ಕೆ ಬಾಗಿ ಕೂತಿರ್ತಾರೆ, ಹಂಗೆ ಕೂತ್ರೆ ಸ್ವಲ್ಪ ಪರ್ವಾಗಿಲ್ವಂತೆ. ಸಂಜೆ ಹೊತ್ತು ಮೈ ಬೆಚ್ಚಗಾಗುತ್ತೆ. ಊರಿನ ಕ್ಲಿನಿಕ್ಕಲ್ಲಿ ತೋರಿಸಿದ್ವಿ, ಮಾಂಸಖಂಡದ ನೋವು ಅಂತ ಡೈಕ್ಲೋಫಿನಾಕ್ ಅನ್ನೋ ನೋವಿನ ಇಂಜೆಕ್ಷನ್ ಕೊಟ್ಟು ಅದೇ ಮಾತ್ರೆ 5 ದಿನಕ್ಕೆ ಬರ್ಕೊಟ್ಟಿದಾರೆ. ದೊಡ್ಡಪ್ಪ ಬಂದು ಸ್ಕೀಮಲ್ಲಿ ಕಡಿಮೆ ರೇಟಿನ ಸ್ಟೆಂಟ್ ಹಾಕಿರ್ತಾರೆ, ಅದಕ್ಕೇ ನೋವು ಅಂದು ಹೋದ್ರು, ಅವತ್ತಿಂದ ಅಪ್ಪ ಮಾತೇ ಕಡಿಮೆ ಮಾಡಿದಾರೆ.

ಇನ್ನೊಂದು ವಿಷ್ಯ. ಇವತ್ತು ಸಂಜೆ ಮಾತ್ರೆ ಸ್ಟ್ರಿಪ್ ಎಣಿಸಿದೆ, ಕ್ಲೋಪಿಡೋಗ್ರೆಲ್ ಎರಡು ಜಾಸ್ತಿ ಉಳಿದಿತ್ತು. ಕೇಳಿದ್ರೆ ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರುತ್ತೆ, ರಕ್ತ ತೆಳು ಮಾಡೋ ಮಾತ್ರೆ ಜಾಸ್ತಿ ಆಗಿರ್ಬೇಕು ಅಂತ ನಿನ್ನೆ ಇವತ್ತು ಬಿಟ್ಟಿದೀನಿ ಅಂದ್ರು.

ರಿವ್ಯೂಗೆ ಹೋಗೋಕೆ ಇನ್ನೂ 11 ದಿನ ಇದೆ. ಕಾಯೋದಾ? ಸ್ಟೆಂಟ್ ಹಾಕಿದ ಮೇಲೆ ಇಂಥ ನೋವು ಎಲ್ರಿಗೂ ಬರುತ್ತಾ?

ಕ್ಯಾತ್‌ಲ್ಯಾಬ್ ಸಿಸ್ಟರ್
ರಾತ್ರಿ 9:52

ಕಾಯ್ಬೇಡಿ. ಇವತ್ತು ರಾತ್ರಿನೇ ಹೊರಡಿ.

ನಾನು 11 ವರ್ಷದಿಂದ ಕ್ಯಾತ್‌ಲ್ಯಾಬಲ್ಲಿ, ಅಂದ್ರೆ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಹಾಕೋ ರೂಮಲ್ಲಿ ನರ್ಸು. ನಿಮ್ಮಪ್ಪನ ನೋವು ನೀವು ಹೇಳ್ತಿರೋ ರೀತಿ ನೋಡಿದ್ರೆ ಬೇರೆ ಕಾರಣ ಇರೋ ಹಾಗೆ ಕಾಣುತ್ತೆ, ಆದ್ರೆ ಸ್ಟೆಂಟ್ ಹಾಕಿ ಒಂದು ತಿಂಗಳೂ ಆಗಿಲ್ಲ, ಕ್ಲೋಪಿಡೋಗ್ರೆಲ್ ಎರಡು ದಿನ ತಪ್ಪಿದೆ, ಎದೆ ನೋವೂ ಇದೆ, ಈ ಮೂರೂ ಒಟ್ಟಿಗೆ ಇರುವಾಗ ಇಸಿಜಿ ನೋಡದೆ ಯಾರೂ ಏನೂ ಹೇಳೋಕಾಗಲ್ಲ, ನಾನೂ ಹೇಳಲ್ಲ.

ಯಾಕೆ ಅಂತ ಹೇಳ್ತೀನಿ. ಸ್ಟೆಂಟ್ ಅಂದ್ರೆ ಸಣ್ಣ ಲೋಹದ ಬಲೆ. ಹೊಸದಾಗಿ ಹಾಕಿದಾಗ ಅದು ರಕ್ತದಲ್ಲಿ ಬರೀ ಮೈಯಲ್ಲಿ ಇರುತ್ತೆ. ನಾಳದ ಒಳಪದರ ಅದ್ರ ಮೇಲೆ ಬೆಳೆದು ಮುಚ್ಕೊಳ್ಳೋಕೆ ತಿಂಗಳುಗಟ್ಲೆ ಬೇಕು. ಅಲ್ಲೀವರೆಗೂ ಅದ್ರ ಮೇಲೆ ರಕ್ತ ಹೆಪ್ಪುಗಟ್ಟದಂಗೆ ಕಾಯೋದು ಆಸ್ಪಿರಿನ್ನು ಮತ್ತೆ ಕ್ಲೋಪಿಡೋಗ್ರೆಲ್ಲು. ಸ್ಟೆಂಟ್ ಒಳಗೆ ದಿಢೀರ್ ಅಂತ ಹೆಪ್ಪುಗಟ್ಟಿ ಮುಚ್ಚಿಹೋಗೋ ಭಯ ಮೊದಲ ತಿಂಗಳಲ್ಲೇ ಜಾಸ್ತಿ, ಅದು ಆದ್ರೆ ಮತ್ತೆ ದೊಡ್ಡ ಅಟ್ಯಾಕು. ನಮ್ಮ ಟೇಬಲ್ ಮೇಲೆ ಹಾಗೆ ವಾಪಸ್ ಬಂದವ್ರನ್ನ ನೋಡಿದೀನಿ, ಮಾತ್ರೆ ಕೇಳಿದ್ರೆ ಮುಗಿದಿತ್ತು ಸಿಸ್ಟರ್, ಸಂತೆ ದಿನ ತರೋಣ ಅಂತಿದ್ದೆ ಅಂತಾರೆ.

ಇವತ್ತಿನ ಮಾತ್ರೆ ಈಗ್ಲೇ ಕೊಡಿ. ಬಿಟ್ಟಿದ್ದಕ್ಕೆ ಸೇರಿಸಿ ನೀವೇ ಎರಡೆರಡು ಕೊಡೋಕೆ ಹೋಗ್ಬೇಡಿ, ಆಸ್ಪತ್ರೆಲಿ ಎರಡು ದಿನ ಬಿಟ್ಟಿದ್ರು ಅಂತ ಬಾಯ್ಬಿಟ್ಟು ಹೇಳಿ, ಹೆಚ್ಚು ಬೇಕಿದ್ರೆ ಅವ್ರೇ ಕೊಡ್ತಾರೆ. ಡೈಕ್ಲೋಫಿನಾಕ್ ನಿಲ್ಲಿಸಿ. ಡಿಸ್ಚಾರ್ಜ್ ಸಮ್ಮರಿ, ಹಳೇ ಇಸಿಜಿ, ಎಕೋ ರಿಪೋರ್ಟು, ಆಂಜಿಯೋ ಸಿಡಿ ಕೊಟ್ಟಿದ್ರೆ ಅದೂ, ಎಲ್ಲಾ ಒಂದೇ ಕವರಲ್ಲಿ ಹಾಕ್ಕೊಳ್ಳಿ. ಹಳೇ ಇಸಿಜಿ ತುಂಬಾ ಮುಖ್ಯ, ಪಕ್ಕಪಕ್ಕ ಇಟ್ಟು ನೋಡಿದ್ರೆನೇ ಹೊಸದಾಗಿ ಏನಾಗಿದೆ ಅಂತ ಗೊತ್ತಾಗೋದು.

ಹೊರಡೋ ಮುಂಚೆ ಒಂದೇ ಒಂದು ಕೇಳ್ತೀನಿ. ನೋವು ಎಲ್ಲಿ ಅಂದ್ರೆ ಅಪ್ಪ ಬೆರಳಲ್ಲಿ ತೋರಿಸ್ತಾರಾ, ಅಂಗೈ ಪೂರ್ತಿ ಇಟ್ಟು ತೋರಿಸ್ತಾರಾ? ಬೆವರು, ವಾಂತಿ, ಎಡಗೈಗೋ ದವಡೆಗೋ ಎಳೆತ ಇದೆಯಾ? ಇದ್ರೆ ನಿಮ್ಮ ಗಾಡಿ ಬೇಡ, 108ಕ್ಕೆ ಫೋನ್ ಮಾಡಿ.

ತಿಪಟೂರು ಮಗಳು
ರಾತ್ರಿ 10:05

ಬೆರಳಲ್ಲೇ ತೋರಿಸ್ತಾರೆ, ಎಡ ಮೊಲೆ ಕೆಳಗೆ, ಆಮೇಲೆ ಭುಜದ ಮೇಲ್ಗಡೆ ಕತ್ತಿನ ಹತ್ರ. ಬೆವರಿಲ್ಲ, ವಾಂತಿ ಇಲ್ಲ. ಅವತ್ತಿನ ನೋವೇ ಬೇರೆ ಇದೇ ಬೇರೆ ಅಂತಿದಾರೆ. ಮಾತ್ರೆ ಕೊಟ್ಟೆ. ತಮ್ಮ ಕಾರು ತೆಗೀತಿದಾನೆ, ತಾಲ್ಲೂಕು ಆಸ್ಪತ್ರೆಗೆ ಹೊರಟ್ವಿ. ಸಿಸ್ಟರ್ ತುಂಬಾ ಥ್ಯಾಂಕ್ಸ್.

ಹುಬ್ಬಳ್ಳಿ ಡ್ರೈವರ್
ರಾತ್ರಿ 11:20

ತಂಗಿ, ನೀ ಆಸ್ಪತ್ರ್ಯಾಗ ಇರ್ತಿ ಈಗ, ಆಮ್ಯಾಲೆ ಓದು. ನಂಗ 2021ರಾಗ ಅಟ್ಯಾಕ್ ಆಗಿತ್ತು, ಆಗ ನಂಗ 47. ಬಸ್ ಓಡಸ್ತಿದ್ದೆ, ಡ್ಯೂಟಿ ಮುಗಿಸಿ ಡಿಪೋದಾಗ ಗಾಡಿ ನಿಲ್ಲಿಸಿ ಇಳಿಯೂದ್ರಾಗ ಆಗಿದ್ದು, ಐದು ನಿಮಿಷ ಮೊದ್ಲ ಆಗಿದ್ರ ಗಾಡಿ ತುಂಬ ಮಂದಿ ಇದ್ರು, ಅದನ್ನ ನೆನಸಿದ್ರ ಇವತ್ತಿಗೂ ಮೈ ಝುಮ್ ಅಂತೈತಿ.

ನಂದೂ ಒಂದು ಸ್ಟೆಂಟ್. ಹಾಕಿದ ದಿನಾ ರಾತ್ರಿನ ಎದಿ ಹಿಡದಂಗಾತು, ನಾ ಹೌಹಾರಿ ಸಿಸ್ಟರ್‌ನ ಕರದೆ, ಇಸಿಜಿ ತಗದ್ರು, ಏನಿಲ್ಲ, ನಾಳ ಹಿಗ್ಗಿಸೇವಲ್ಲ ಅದರ ನೋವು, ಒಂದೆರಡು ದಿನದಾಗ ಹೋಗತೈತಿ ಅಂದ್ರು, ಹೋತು. ಮನಿಗೆ ಬಂದ ಮ್ಯಾಲೆ ಬ್ಯಾರೇನ ಶುರು ಆತು. ಯಾವ ನೋವು ಬಂದ್ರೂ ಎದಿಗೆ ಕೈ ಹೋಗೂದು. ಬಗಲಾಗ ಸ್ವಲ್ಪ ಚುಚ್ಚಿದ್ರ ಬಿಪಿ ಮಷಿನ್ ತಗಿಯೂದು, ದಿನಕ್ಕ ಹದಿನೈದು ಸಲ ನೋಡಿದ್ದೂ ಐತಿ. ರಾತ್ರಿ ನಿದ್ದಿ ಹತ್ತಿದ್ರ ಎದ್ದೇಳೂದಿಲ್ಲ ಅಂತ ಕಣ್ಣು ಮುಚ್ಚಾಕ ಅಂಜಿಕಿ. ನನ್ನ ಹೆಂಡತಿ ಎದಿ ಮ್ಯಾಲೆ ಕೈ ಇಟ್ಕೊಂಡ ಮಲಗ್ತಿದ್ಲು, ಆಕಿ ಕೈ ತಗದ್ರ ನಂಗ ಎಚ್ಚರ ಆಗ್ತಿತ್ತು. ಮೂರು ತಿಂಗಳು ಯಾರ ಕೂಡಾನೂ ಸರಿಯಾಗಿ ಮಾತಾಡಲಿಲ್ಲ. ಕಡೀಕ ಡಾಕ್ಟ್ರು ಇದು ಹಾರ್ಟಿಂದಲ್ಲ ಮನಸ್ಸಿಂದು ಅಂತ ಬ್ಯಾರೆ ಡಾಕ್ಟ್ರ ಹಂತ್ಯಾಕ ಕಳಿಸಿದ್ರು, ಅಟ್ಯಾಕ್ ಆದ ಐದು ಮಂದ್ಯಾಗ ಒಬ್ಬರಿಗರೆ ಹಿಂಗ ಮನಸ್ಸು ಕುಗ್ಗತೈತಿ, ನಾಚಿಕಿ ಪಡಬ್ಯಾಡ್ರಿ ಅಂದ್ರು ಅವರು. ಗುಳಿಗಿ ಕೊಟ್ರು, ಮಾತಾಡಿಸಿದ್ರು. ಅದರಿಂದ ಭಾಳ ಉಪಯೋಗ ಆತು. ನಿಮ್ಮ ಅಪ್ಪಾಜಿ ಮಾತು ಕಡಿಮಿ ಮಾಡ್ಯಾರ ಅಂದಿಯಲ್ಲ, ಅದನ್ನ ಸಣ್ಣದು ಅನ್ಕೋಬ್ಯಾಡ.

ಇನ್ನೊಂದು ಹೇಳಬೇಕು. ನಂದು ಉಸಿರಾಟದ ತ್ರಾಸೂ ಇತ್ತು, ಸುಮ್ಮ ಕೂತಾಗ ಒಮ್ಮೆಲೆ ಗಾಳಿ ಸಾಲಲ್ದಂಗ ಆಗೂದು, ನಡದಾಡಿದ್ರ ಏನೂ ಇಲ್ಲ. ಅದು ಟಿಕಾಗ್ರೆಲರ್ ಅನ್ನೂ ರಕ್ತ ತೆಳು ಮಾಡೂ ಗುಳಿಗಿಯಿಂದ ಅಂತ ಗೊತ್ತಾತು, ಡಾಕ್ಟ್ರು ಬದಲಿ ಮಾಡಿ ಕೊಟ್ರು. ನಾನ ಬಿಟ್ಟಿದ್ರ ಏನಾಗ್ತಿತ್ತೋ. ತ್ರಾಸ ಆದ್ರ ಬದಲಿ ಮಾಡಾಕ ಅವರ ಹತ್ರ ಬ್ಯಾರೆ ಗುಳಿಗಿ ಇರತಾವ, ಹೇಳಬೇಕಷ್ಟ.

ಆಮ್ಯಾಲೆ ಖರೇ ನೋವು ಬಂದಿದ್ದು ಎಂಟು ತಿಂಗಳಿಗೆ. ಆಗ ನಾ ದಿನಾ ಬೆಳಿಗ್ಗೆ ನೃಪತುಂಗ ಬೆಟ್ಟಕ್ಕ ಹೊಂಟಿದ್ದೆ. ಒಂದಿನಾ ಏರೂದ್ರಾಗ ಎದಿ ನಡುವ ಯಾರೋ ಹಿಡದು ಬಿಗದಂಗ ಆತು, ನಿಂತೆ, ಎರಡು ಮೂರು ನಿಮಿಷಕ್ಕ ಹೋತು. ಮರದಿನಾ ಅದ ತಿರುವಿನ್ಯಾಗ ಮತ್ತ ಆತು. ಚುಚ್ಚೂದಿಲ್ಲ, ಬೆರಳು ಇಟ್ಟು ತೋರಸಾಕ ಬರೂದಿಲ್ಲ, ನಡದ್ರ ಬರ್ತೈತಿ ನಿಂತ್ರ ಹೋಗತೈತಿ. ನಾ ಡ್ಯೂಟಿ ಲಾಗ್‌ಶೀಟ್ ಬರದಂಗ ಒಂದು ನೋಟ್‌ಬುಕ್ಕಿನ್ಯಾಗ ಬರದಿಟ್ಟೆ, ಎಷ್ಟು ಗಂಟೆಕ್ಕ ಬಂತು, ಏನು ಮಾಡ್ತಿದ್ದೆ, ಎಷ್ಟು ನಿಮಿಷ ಇತ್ತು. ಆ ಪುಸ್ತಕ ನೋಡಿದ ಕೂಡ್ಲೆ ಡಾಕ್ಟ್ರು ಅಡ್ಮಿಟ್ ಮಾಡ್ಕೊಂಡ್ರು. ಸ್ಟೆಂಟಿನ ಒಳಗ ಚರ್ಮ ಬೆಳದಂಗ ಬೆಳದು ನಾಳ ಮತ್ತ ಸಣ್ಣ ಆಗಿತ್ತು, ಬಲೂನ್ ಹಾಕಿ ಇನ್ನೊಂದು ಸ್ಟೆಂಟ್ ಇಟ್ರು. ಅವತ್ತಿಂದ ಇಲ್ಲಿತನಾ ಆರಾಮ ಇದ್ದೇನಿ. ಈಗ ಡಿಪೋದಾಗ ಕುಂತು ಮಾಡೂ ಕೆಲಸ ಕೊಟ್ಟಾರ.

ನೋಟ್‌ಬುಕ್ ಒಂದು ಇಟ್ಕೊಳ್ರಿ. ಅದು ಭಾಳ ಕೆಲಸಕ್ಕ ಬರತೈತಿ.

ಹಸಿರು ಹಾದಿ
ಬೆಳಗ್ಗೆ 6:15

ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಆಪಲ್ ಸೈಡರ್ ವಿನೆಗರ್ ಒಂದೊಂದು ಲೋಟ ಸೇರಿಸಿ ಕುದಿಸಿ, ಆರಿದ ಮೇಲೆ ಜೇನುತುಪ್ಪ ಹಾಕಿ ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಕೊಡಿ. ಬ್ಲಾಕ್ ಕರಗುತ್ತೆ. ಬಲಗಡೆ 50% ಇದೆ ಅಂದ್ರಲ್ಲ, ಅದಕ್ಕೆ ಇನ್ನೊಂದು ಸ್ಟೆಂಟ್ ಬೇಕಾಗಲ್ಲ. ನಮ್ಮ ಮನೇಲಿ ಮೂರು ಜನ ತಗೊಂಡಿದಾರೆ. ಹೊಳೆಮತ್ತಿ ಚಕ್ಕೆ ಕಷಾಯನೂ ಒಳ್ಳೇದು.

ತಾಲ್ಲೂಕು ವೈದ್ಯ
ಬೆಳಗ್ಗೆ 7:30

ನಾನು ಎಂಡಿ ಮೆಡಿಸಿನ್, ಬೇರೆ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಲಿ ಕೆಲಸ. ರಾತ್ರಿ ಹೋದ್ರಲ್ಲ, ಒಳ್ಳೇದು ಮಾಡಿದ್ರಿ. ರಿಪೋರ್ಟ್ ಬರೋವರೆಗೂ ಕೆಲವು ವಿಷ್ಯ ಹೇಳ್ತೀನಿ, ಓದೋ ಬೇರೆಯವ್ರಿಗೂ ಆಗುತ್ತೆ.

ಮೊದ್ಲು ಮೇಲಿನ ಕಷಾಯದ ಬಗ್ಗೆ. ಕೊಟ್ಟವ್ರ ಮನಸ್ಸು ಒಳ್ಳೇದೇ ಇರುತ್ತೆ, ಆದ್ರೆ ವರ್ಷಗಟ್ಲೆ ನಾಳದ ಗೋಡೆ ಒಳಗೆ ಕೂತ ಕೊಬ್ಬು, ಸುಣ್ಣ ಯಾವ ಕಷಾಯಕ್ಕೂ ಕರಗಿ ಹೋಗಲ್ಲ. ಆ 50% ಅಲ್ಲೇ ನಿಲ್ಲೋಂಗೆ, ಒಡೆಯದೆ ಇರೋಂಗೆ ನೋಡ್ಕೊಳ್ಳೋದು ಅಟೋರ್ವಾಸ್ಟಾಟಿನ್ ಮಾತ್ರೆ, ಎಲ್‌ಡಿಎಲ್ ಕೊಲೆಸ್ಟ್ರಾಲ್ 55ಕ್ಕಿಂತ ಕೆಳಗೆ ತರೋದು, ಶುಗರ್ ಹತೋಟಿ, ಬೀಡಿ ಪೂರ್ತಿ ಬಿಡೋದು. ಅಡುಗೆಗೆ ಹಾಕೋ ಬೆಳ್ಳುಳ್ಳಿ ಶುಂಠಿಗೆ ಯಾರೂ ಬೇಡ ಅನ್ನಲ್ಲ. ಲೋಟಗಟ್ಲೆ ರಸ ತೆಗೆದು ಆಸ್ಪಿರಿನ್ ಕ್ಲೋಪಿಡೋಗ್ರೆಲ್ ಜೊತೆ ದಿನಾ ಕುಡಿದ್ರೆ ಹೊಟ್ಟೆ ಉರಿ ಜಾಸ್ತಿ ಆಗುತ್ತೆ, ರಕ್ತಸ್ರಾವದ ಭಯನೂ ಇದೆ. ಎಲ್ಲಕ್ಕಿಂತ ನಂಗೆ ಸಂಕಟ ಆಗೋದು, ಕಷಾಯ ತಗೋತಿದೀನಲ್ಲ ಅಂತ ಮಾತ್ರೆ ಬಿಟ್ಟುಬಿಡ್ತಾರೆ.

ಇನ್ನು ನೋವು. ಸ್ಟೆಂಟ್ ಆದ ಮೇಲೆ ಬರೋ ಎದೆ ನೋವೆಲ್ಲಾ ಒಂದೇ ಅಲ್ಲ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಮೊದಲ ದಿನಗಳಲ್ಲಿ ನಾಳ ಹಿಗ್ಗಿದ ನೋವು ಬರ್ಬೋದು. ಹಾರ್ಟ್ ನಿಂತಾಗ ಎದೆ ಒತ್ತಿ ಬದುಕಿಸಿದ್ರೆ ಪಕ್ಕೆಲುಬಿನ ನೋವು ವಾರಗಟ್ಲೆ ಇರುತ್ತೆ, ಒತ್ತಿದ ಜಾಗದಲ್ಲೇ ನೋಯುತ್ತೆ. ಆಸ್ಪಿರಿನ್ನಿಂದ ಹೊಟ್ಟೆ ಉರಿ ಎದೆವರೆಗೂ ಬರುತ್ತೆ, ಅದಕ್ಕೇ ಪ್ಯಾಂಟೊಪ್ರಜೋಲ್ ಕೊಟ್ಟಿರ್ತಾರೆ. ಅದ್ರ ಬದ್ಲು ಅಂಗಡಿಯಿಂದ ಒಮೆಪ್ರಜೋಲ್ ತಂದು ಕೊಡ್ಬೇಡಿ, ಅದು ಕ್ಲೋಪಿಡೋಗ್ರೆಲ್ ಕೆಲಸ ತಗ್ಗಿಸುತ್ತೆ.

ಈ ತಂಗಿ ಬರೆದಿರೋ ಲಕ್ಷಣ ಓದಿದಾಗ ನಂಗೆ ಮೊದ್ಲು ಹೊಳೆದಿದ್ದು ಪೆರಿಕಾರ್ಡೈಟಿಸ್. ಹೃದಯದ ಸುತ್ತ ತೆಳ್ಳಗಿನ ಎರಡು ಪದರದ ಚೀಲ ಇರುತ್ತೆ, ಅದಕ್ಕೆ ಉರಿಯೂತ ಬರೋದು. ಮಲಗಿದ್ರೆ ಜಾಸ್ತಿ, ಉಸಿರೆಳೆದ್ರೆ ಜಾಸ್ತಿ, ಮುಂದಕ್ಕೆ ಬಾಗಿದ್ರೆ ಕಡಿಮೆ, ಭುಜದ ಮೇಲ್ಗಡೆ ಎಳೆತ, ಇದೇ ಅದರ ಗುರುತು. ಅಟ್ಯಾಕ್ ಆದ ಎರಡು ಮೂರು ದಿನಕ್ಕೇ ಬರ್ಬೋದು. ಕೆಲವು ವಾರ ಬಿಟ್ಟು ಜ್ವರದ ಜೊತೆ ಬಂದ್ರೆ ಅದನ್ನ ಡ್ರೆಸ್ಲರ್ ಸಿಂಡ್ರೋಮ್ ಅಂತೀವಿ, 1956ರಲ್ಲಿ ಡ್ರೆಸ್ಲರ್ ಅನ್ನೋ ವೈದ್ಯರು ಬರೆದಿದ್ದಕ್ಕೆ ಆ ಹೆಸ್ರು. ಸತ್ತ ಸ್ನಾಯುವಿನ ಚೂರಿಗೆ ನಮ್ಮ ದೇಹದ ರೋಗನಿರೋಧಕ ಶಕ್ತಿನೇ ಸಿಡುಕಿದಂಗೆ ಅದು. ಬೇಗ ನಾಳ ತೆರೆಸೋ ಚಿಕಿತ್ಸೆ ಬಂದ ಮೇಲೆ ಕಡಿಮೆ ಆಗಿದೆ. ತಡವಾಗಿ ಬಂದವ್ರಲ್ಲಿ, ಸ್ನಾಯು ಜಾಸ್ತಿ ಹಾಳಾದವ್ರಲ್ಲಿ ಇನ್ನೂ ನೋಡ್ತೀವಿ.

ಹಾಗಂತ ಯಾರೂ ಮನೇಲೇ ಕೂತು ಬಾಗಿದ್ರೆ ಕಡಿಮೆ ಆಗುತ್ತಲ್ಲ, ಇದು ಅದೇ ಅಂತ ತೀರ್ಮಾನ ಮಾಡ್ಬೇಡಿ. ಇಸಿಜಿ, ಟ್ರೋಪೊನಿನ್ (ಹಾರ್ಟಿನ ಸ್ನಾಯುಗೆ ಪೆಟ್ಟಾಗಿದ್ಯಾ ಅಂತ ತೋರಿಸೋ ರಕ್ತ ಪರೀಕ್ಷೆ), ಎಕೋ ಮೂರೂ ನೋಡಿನೇ ಹೇಳೋದು ನಾವೂ. ಶುಗರ್ ಇರೋರಿಗಂತೂ ಕೆಲವೊಮ್ಮೆ ಹಾರ್ಟಿನ ನೋವು ನೋವಿನ ಹಾಗೇ ಬರಲ್ಲ, ಸುಸ್ತು, ಬೆವರು, ಉಸಿರು ಕಟ್ಟೋದು ಅಷ್ಟೇ ಇರ್ಬೋದು.

ಡೈಕ್ಲೋಫಿನಾಕ್, ಐಬುಪ್ರೊಫೆನ್ ಇವೆಲ್ಲಾ ಅಟ್ಯಾಕ್ ಆದವ್ರಿಗೆ ಬೇಡ. ರಕ್ತಸ್ರಾವ ಜಾಸ್ತಿ ಮಾಡುತ್ತೆ, ಮತ್ತೆ ಅಟ್ಯಾಕ್ ಆಗೋ ಸಾಧ್ಯತೆನೂ ಏರಿಸುತ್ತೆ, ಕಿಡ್ನಿಗೂ ಒಳ್ಳೇದಲ್ಲ. ಮೊಣಕಾಲು ನೋವು, ಹಲ್ಲು ನೋವು ಅಂತ ಹೋದ್ರೂ ಮೊದ್ಲೇ ಹಾರ್ಟ್ ಪೇಷಂಟ್ ಅಂತ ಹೇಳಿ. ಪ್ಯಾರಾಸಿಟಮಾಲ್ ನಡೆಯುತ್ತೆ.

ದೊಡ್ಡಪ್ಪನವ್ರ ಮಾತಿಗೂ ಉತ್ತರ ಕೊಡ್ಬೇಕು, ಯಾಕಂದ್ರೆ ಅದು ನಿಮ್ಮಪ್ಪನ ಮನಸ್ಸಲ್ಲಿ ಕೂತಿದೆ. 2017ರ ಫೆಬ್ರವರಿಗೆ ಮುಂಚೆ ಔಷಧಿ ಲೇಪನ ಇರೋ ಸ್ಟೆಂಟಿಗೆ ಲಕ್ಷದ ಮೇಲೆ ಬಿಲ್ ಆಗ್ತಿತ್ತು. ಆ ತಿಂಗಳು ಕೇಂದ್ರದ ಔಷಧಿ ಬೆಲೆ ಪ್ರಾಧಿಕಾರ 29,600 ರೂಪಾಯಿ ಮಿತಿ ಹಾಕ್ತು, ಆಮೇಲೆ ಸ್ವಲ್ಪ ಏರಿದೆ. ಸ್ಕೀಮಿಗಾಗ್ಲಿ ಕ್ಯಾಶ್ ಕಟ್ಟೋರಿಗಾಗ್ಲಿ ಆ ಮಿತಿ ಒಂದೇ. ರೇಟು ಇಳಿದಿದ್ದು ಸರ್ಕಾರ ಕಟ್ಟು ಹಾಕಿದ್ದಕ್ಕೆ, ಮಾಲು ಕಳಪೆ ಅಂತಲ್ಲ. ಡಿಸ್ಚಾರ್ಜ್ ಸಮ್ಮರಿಲಿ ಸ್ಟೆಂಟಿನ ಹೆಸ್ರು, ಅಳತೆ ಬರೆದಿರುತ್ತೆ, ಜೊತೆಗೆ ಸ್ಟಿಕ್ಕರ್ ಇರುತ್ತೆ, ಅಪ್ಪಂಗೆ ಅದನ್ನ ತೋರಿಸಿ ಓದಿ ಹೇಳಿ.

ಮತ್ತೆ ನಿಮ್ಮ ತಾಲ್ಲೂಕು ಆಸ್ಪತ್ರೆಲಿ ಕೊಟ್ಟ ಇಂಜೆಕ್ಷನ್ ಇದ್ಯಲ್ಲ, ಟೆನೆಕ್ಟೆಪ್ಲೇಸ್ ಇರ್ಬೇಕು. ಹೊರಗೆ ಹತ್ತಾರು ಸಾವಿರ ಅದಕ್ಕೆ. ಪುನೀತ್ ರಾಜ್‌ಕುಮಾರ್ ಅವ್ರ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಮಟ್ಟದಲ್ಲೇ ಉಚಿತವಾಗಿ ಕೊಡೋ ವ್ಯವಸ್ಥೆ ಆಗಿದೆ. ಇಂಜೆಕ್ಷನ್ ಕೊಟ್ಟು 24 ಗಂಟೆ ಒಳಗೆ ಆಂಜಿಯೋಗ್ರಾಂ ಆಗ್ಬೇಕು ಅನ್ನೋದು ನಿಯಮ, ನಿಮ್ಮಪ್ಪಂಗೆ ಅದು ಹೊತ್ತಿಗೆ ಸರಿಯಾಗಿ ಆಗಿದೆ. ಮನೇಲಿ ಓಂಕಾಳು ನೀರಲ್ಲಿ ಎರಡು ಗಂಟೆ ಹೋಗದೆ ಇದ್ದಿದ್ರೆ ಇಎಫ್ ಇನ್ನೂ ಮೇಲೆ ಇರ್ತಿತ್ತೇನೋ. ನಿಮ್ಮನ್ನ ದೂರ್ತಿಲ್ಲಮ್ಮ, ಓದೋ ಬೇರೆಯವ್ರಿಗೆ ಹೇಳ್ತಿದೀನಿ.

ತಿಪಟೂರು ಮಗಳು
ಮಧ್ಯಾಹ್ನ 1:10

ಎಲ್ರಿಗೂ ಹೇಳ್ಬೇಕು ಅಂತ ಈಗ ಕೂತೆ. ರಾತ್ರಿ ತಾಲ್ಲೂಕು ಆಸ್ಪತ್ರೆಲಿ ಇಸಿಜಿ ತೆಗೆದು, ಹಳೇದರ ಪಕ್ಕ ಇಟ್ಟು ನೋಡಿದ್ರು, ಸಿಸ್ಟರ್ ಹೇಳಿದ ಹಾಗೇ ಹಳೇದನ್ನೇ ಮೊದ್ಲು ಕೇಳಿದ್ರು. ಹೊಸ ಅಟ್ಯಾಕ್ ಥರ ಕಾಣಲ್ಲ ಆದ್ರೂ ಇಲ್ಲಿ ಇಟ್ಕೊಳ್ಳಲ್ಲ ಅಂತ ಆಂಬುಲೆನ್ಸಲ್ಲಿ ತುಮಕೂರಿಗೆ ಕಳಿಸಿದ್ರು. ಎರಡು ಸಲ ಟ್ರೋಪೊನಿನ್ ನೋಡಿದ್ರು, ಏರಿಲ್ಲ. ಬೆಳಗ್ಗೆ ಎಕೋ ಮಾಡಿದ್ರು. ಹಾರ್ಟಿನ ಸುತ್ತ ಸ್ವಲ್ಪ ನೀರು ಇದೆ, ಸ್ಟೆಂಟ್ ಕಡೆ ತೊಂದ್ರೆ ಕಾಣ್ತಿಲ್ಲ, ಡಾಕ್ಟ್ರು ಸರ್ ಹೇಳಿದ ಅದೇ ಪೆರಿಕಾರ್ಡೈಟಿಸ್ ಅಂದ್ರು. ಎದೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸ್ಕೊಂಡು, ಹೊಸ ಚಪ್ಪಲಿ ಕಿರ್ ಕಿರ್ ಅಂದಂಗೆ ಶಬ್ದ ಬರ್ತಿದೆ ಬಾ ಅಂತ ಜೊತೆಗಿದ್ದ ಸಣ್ಣ ಡಾಕ್ಟ್ರಿಗೂ ಕೇಳಿಸಿದ್ರು. ಆಸ್ಪಿರಿನ್ ಕೆಲವು ದಿನಕ್ಕೆ ಜಾಸ್ತಿ ಮಾಡಿದಾರೆ, ಕಾಲ್ಚಿಸಿನ್ ಅಂತ ಹೊಸ ಮಾತ್ರೆ ಸೇರಿಸಿದಾರೆ. ಡೈಕ್ಲೋಫಿನಾಕ್ ಸ್ಟ್ರಿಪ್ ಅವ್ರೇ ತಗೊಂಡು ಕಸದ ಬುಟ್ಟಿಗೆ ಹಾಕಿದ್ರು. ವಸಡಿನ ರಕ್ತಕ್ಕೆ ಮೆತ್ತಗಿನ ಬ್ರಷ್ ತಗೊಳ್ಳಿ ಅಂದ್ರು, ಮಲ ಕಪ್ಪಗೆ ಆದ್ರೆ, ರಕ್ತ ವಾಂತಿ ಆದ್ರೆ ತಕ್ಷಣ ಬನ್ನಿ, ಬೇರೆ ಯಾವ ಕಾರಣಕ್ಕೂ ನೀವಾಗೇ ನಿಲ್ಲಿಸ್ಬೇಡಿ ಅಂತ ಅಪ್ಪನ ಕೈ ಹಿಡ್ಕೊಂಡು ಹೇಳಿದ್ರು. ಎರಡು ದಿನ ಇಲ್ಲೇ ಇರ್ಬೇಕು.

ಸ್ಟಿಕ್ಕರ್ ತೋರಿಸಿ ಓದಿ ಹೇಳಿದೆ ಸರ್. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು.

ಕ್ಯಾತ್‌ಲ್ಯಾಬ್ ಸಿಸ್ಟರ್
ಮಧ್ಯಾಹ್ನ 2:35

ಡ್ಯೂಟಿ ಮುಗಿಸಿ ಮೊದ್ಲು ಇದನ್ನೇ ತೆಗೆದು ನೋಡಿದೆ, ಜೀವ ಬಂದಂಗಾಯ್ತು.

ಕಾಲ್ಚಿಸಿನ್ನಿಗೆ ಕೆಲವ್ರಿಗೆ ಭೇದಿ ಆಗುತ್ತೆ, ಆದ್ರೆ ಹೇಳಿ, ಡೋಸ್ ಕಡಿಮೆ ಮಾಡ್ತಾರೆ. ಕೊಲೆಸ್ಟ್ರಾಲ್ ಮಾತ್ರೆ ಜೊತೆ ಇರೋದ್ರಿಂದ ತೊಡೆ, ತೋಳಲ್ಲಿ ವಿಪರೀತ ನೋವು, ಬಲ ಇಲ್ಲದಂಗೆ ಆದ್ರೂ ಹೇಳಿ.

ಎದೆ ನೋವು ಬಂದಾಗ ನಾಲಿಗೆ ಕೆಳಗೆ ಇಡೋ ಸಾರ್ಬಿಟ್ರೇಟ್ ಮಾತ್ರೆ ಕೊಟ್ಟಿದಾರಾ ಮನೆಗೆ? ಕೊಟ್ಟಿದ್ರೆ ಅಮ್ಮಂಗೂ ತಮ್ಮಂಗೂ ಹೇಳ್ಕೊಡಿ. ಅವತ್ತಿನ ಕಾಯಿ ಮೂಟೆ ಥರ ನೋವು ಬಂದ್ರೆ ಮೊದ್ಲು ಕೂರಿಸ್ಬೇಕು, ನಿಂತ್ಕೊಂಡು ತಗೊಂಡ್ರೆ ಬಿಪಿ ಇಳಿದು ಬೀಳ್ತಾರೆ. ಒಂದು ಮಾತ್ರೆ ನಾಲಿಗೆ ಕೆಳಗೆ, ನುಂಗೋದಲ್ಲ. 5 ನಿಮಿಷ ನೋಡಿ, ಕಡಿಮೆ ಆಗಿಲ್ಲ ಅಂದ್ರೆ ಇನ್ನು ಕಾಯೋ ಹಾಗಿಲ್ಲ, 108. ಗಂಡಸರ ಶಕ್ತಿ ಮಾತ್ರೆ, ಸಿಲ್ಡೆನಾಫಿಲ್ ಅಂಥದ್ದು ತಗೊಂಡಿದ್ರೆ ಸಾರ್ಬಿಟ್ರೇಟ್ ಕೊಡ್ಲೇಬಾರ್ದು. ಅಪ್ಪನ ಹತ್ರ ಕೇಳೋಕೆ ಮುಜುಗರ ಆದ್ರೆ ತಮ್ಮನ ಕೈಲಿ ಕೇಳಿಸಿ.

ನಡೆಯೋದು ಯಾವಾಗ ಅಂತ ಮುಂದೆ ಕೇಳ್ತೀರ ಅಂತ ಗೊತ್ತು, ಎಲ್ರೂ ಕೇಳ್ತಾರೆ. ಉರಿಯೂತ ಇಳಿಯೋವರೆಗೂ ಜೋರು ನಡಿಗೆ ಬೇಡ, ಮನೆ ಒಳಗೆ ಓಡಾಡ್ಲಿ. ಆಮೇಲೆ ಡಾಕ್ಟ್ರು ಸರಿ ಅಂದ್ಮೇಲೆ ಸಮತಟ್ಟಾದ ಜಾಗದಲ್ಲಿ 5 ನಿಮಿಷ, ಎರಡು ಹೊತ್ತು. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ನಿಮಿಷ ಏರಿಸಿ. ಅಳತೆ ಅಂದ್ರೆ ನಡೀತಾ ನಿಮ್ಮ ಜೊತೆ ಮಾತಾಡೋಕೆ ಆಗ್ಬೇಕು, ವಾಕ್ಯದ ಮಧ್ಯೆ ಉಸಿರಿಗೆ ನಿಲ್ಲಿಸಿದ್ರೆ ಜಾಸ್ತಿ ಆಯ್ತು ಅಂತ. ಊಟ ಆದ ತಕ್ಷಣ ಬೇಡ. ಸತ್ತ ಸ್ನಾಯು ಗಟ್ಟಿ ಕಲೆ ಆಗೋಕೆ ಸುಮಾರು ಎರಡು ತಿಂಗಳು ಬೇಕು, ಅಷ್ಟರವರೆಗೂ ಕಾಯಿ ಮೂಟೆ ಎತ್ತೋದು, ಮೋಟ್ರು ಬಿಚ್ಚೋದು, ಗುದ್ದಲಿ ಹಿಡಿಯೋದು ಯಾವುದೂ ಬೇಡ. ಮಲಬದ್ಧತೆ ಆಗದ ಹಾಗೆ ನೋಡ್ಕೊಳ್ಳಿ, ತಿಣುಕಬಾರ್ದು.

ತಿಪಟೂರು ಮಗಳು
6 ದಿನದ ನಂತರ, ಸಂಜೆ 7:20

ಮನೆಗೆ ಬಂದು ನಾಲ್ಕು ದಿನ ಆಯ್ತು. ಜ್ವರ ಇಲ್ಲ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಎದ್ದು ನೋಡ್ದೆ, ಅಪ್ಪ ಅಂಗಾತ ಮಲಗಿ ಗೊರಕೆ ಹೊಡೀತಿದ್ರು, ದಿಂಬು ಕಾಲ ಹತ್ರ ಬಿದ್ದಿತ್ತು. ಅಮ್ಮ ಬಾಗಿಲಲ್ಲೇ ನಿಂತು ಅತ್ತುಬಿಟ್ರು.

ನೋಟ್‌ಬುಕ್ ಇಟ್ಟಿದೀವಿ ಅಣ್ಣ, ಮೊದಲ ಪುಟ ನಾನು ಬರ್ದೆ, ಈಗ ಅಪ್ಪನೇ ಬರೀತಿದಾರೆ, ಮಾತ್ರೆ ತಗೊಂಡ ಹೊತ್ತು, ನಡೆದ ನಿಮಿಷ ಎಲ್ಲಾ. ನಿನ್ನೆ ನಿಮ್ಮ ಪೋಸ್ಟ್ ಪೂರ್ತಿ ಜೋರಾಗಿ ಓದಿ ಹೇಳ್ದೆ. ಹೆಂಡತಿ ಕೈ ಇಟ್ಕೊಂಡು ಮಲಗ್ತಿದ್ರು ಅಂತ ಬಂದಾಗ ನಂಗೂ ಹಂಗೇ ಭಯ ಕಣಮ್ಮ ಅಂದ್ರು. ಇಷ್ಟು ದಿನದಲ್ಲಿ ಅವ್ರು ಅದನ್ನ ಬಾಯಿಬಿಟ್ಟು ಹೇಳಿದ್ದು ಅದೇ ಮೊದ್ಲು. ಮುಂದಿನ ರಿವ್ಯೂಲಿ ಡಾಕ್ಟ್ರ ಹತ್ರ ಇದನ್ನೂ ಹೇಳ್ತೀವಿ. ಬೀಡಿ ಮುಟ್ಟಿಲ್ಲ, 25 ದಿನ ಆಯ್ತು.

ಒಂದು ಕೇಳ್ಬೇಕಿತ್ತು. ನಮ್ದು ತೆಂಗಿನ ತೋಟ, ದಿನಾ ಎರಡು ಎಳನೀರು ಕುಡಿಯೋ ಅಭ್ಯಾಸ ಅಪ್ಪಂಗೆ. ಆಸ್ಪತ್ರೆಲಿ ಕೇಳೋದು ಮರೆತೆ. ಕೊಡ್ಬೋದಾ?

ತಾಲ್ಲೂಕು ವೈದ್ಯ
ರಾತ್ರಿ 9:05

ಮಾತ್ರೆ ಪಟ್ಟಿಲಿ ರಾಮಿಪ್ರಿಲ್ ಅನ್ನೋ ಬಿಪಿ, ಹಾರ್ಟಿನ ಮಾತ್ರೆ ಇದ್ಯಾ ನೋಡಿ. ಅದು ರಕ್ತದಲ್ಲಿ ಪೊಟ್ಯಾಷಿಯಂ ಏರಿಸುತ್ತೆ, ಎಳನೀರಲ್ಲೂ ಪೊಟ್ಯಾಷಿಯಂ ಜಾಸ್ತಿ. ಶುಗರ್ ಇರೋರಿಗೆ ಕಿಡ್ನಿ ಸ್ವಲ್ಪ ಸೋತಿದ್ರೆ ಎರಡೂ ಸೇರಿ ಹಾರ್ಟಿನ ಬಡಿತನೇ ಏರುಪೇರು ಮಾಡ್ಬೋದು. ಅಡ್ಮಿಟ್ ಆದಾಗ ಮಾಡಿದ ರಕ್ತ ಪರೀಕ್ಷೆಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋದು), ಪೊಟ್ಯಾಷಿಯಂ ಎಷ್ಟಿತ್ತು?

ತಿಪಟೂರು ಮಗಳು
ರಾತ್ರಿ 9:30

ರಾಮಿಪ್ರಿಲ್ 2.5 ಇದೆ ಸರ್. ಕ್ರಿಯಾಟಿನಿನ್ 1.1, ಪೊಟ್ಯಾಷಿಯಂ 4.4.

ತಾಲ್ಲೂಕು ವೈದ್ಯ
ರಾತ್ರಿ 9:41

ಚೆನ್ನಾಗಿದೆ. ದಿನಾ ಎರಡು ಬೇಡ. ವಾರಕ್ಕೆ ಎರಡು ಮೂರು ಸಲ ಒಂದೊಂದು ಕುಡೀಲಿ, ಶುಗರ್ ನೋಡ್ಕೊಂಡು. ರಿವ್ಯೂಲಿ ಪೊಟ್ಯಾಷಿಯಂ ಇನ್ನೊಮ್ಮೆ ಮಾಡಿಸಿ, ರಾಮಿಪ್ರಿಲ್ ಡೋಸ್ ಏರಿಸಿದ್ರೆ ಆಗ್ಲೂ ಮಾಡಿಸಿ. ಒಣ ಕೆಮ್ಮು ಶುರುವಾದ್ರೆ ಅದೂ ರಾಮಿಪ್ರಿಲ್‌ದೇ ಇರ್ಬೋದು, ನಿಲ್ಲಿಸದೆ ಡಾಕ್ಟ್ರಿಗೆ ಹೇಳಿ, ಬೇರೆ ಮಾತ್ರೆ ಕೊಡ್ತಾರೆ.

ತಿಪಟೂರು ಮಗಳು
ರಾತ್ರಿ 9:50

ಸರಿ ಸರ್, ನಾಳೆ ಬೆಳಗ್ಗೆ ಒಂದು ಕೆತ್ತಿಸಿ ಕೊಡ್ತೀನಿ. ನೋಟ್‌ಬುಕ್ಕಲ್ಲೂ ಬರೆಸ್ತೀನಿ.